ಪ್ರಾಡಕ್ಟ್ ಮ್ಯಾನೇಜರ್‌ಗೆ ಇಷ್ಟು ಗಿಟ್ ಸಾಕು

'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಅಂತ ಒಂದೇ ಫೈಲನ್ನು ಮೂರು ಸಲ ಸೇವ್ ಮಾಡಿರ್ತೀರಿ ಅಲ್ವಾ? ಆ ತಲೆನೋವಿಗೆ ಮದ್ದು ಗಿಟ್, ಅಂದ್ರೆ ಫೈಲುಗಳಲ್ಲಾದ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದದ್ದು.

ಕಮಾಂಡ್ ಕಲಿಯೋಕೆ ಹೋಗಬೇಡಿ. ಗಿಟ್ ಪ್ರಾಜೆಕ್ಟ್‌ಗಳನ್ನು ಇಡುವ ವೆಬ್‌ಸೈಟ್ ಗಿಟ್‌ಹಬ್‌ನಲ್ಲಿ ನಿಮ್ಮ ಪ್ರಾಜೆಕ್ಟ್ ತೆರೆದು, ಯಾವುದಾದರೂ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ನೋಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಒಳಗೆ 'ಫೈಲ್ಸ್ ಚೇಂಜ್ಡ್' ಒತ್ತಿ. ಕೆಂಪು ಸಾಲು ತೆಗೆದದ್ದು, ಹಸಿರು ಸೇರಿಸಿದ್ದು. ಬಟನ್ ಮೇಲಿನ ಪದ ತಪ್ಪಾಗಿದ್ದರೆ ಆ ಸಾಲಿನ ಪಕ್ಕದ ಪ್ಲಸ್ ಒತ್ತಿ ಅಲ್ಲೇ ಕಾಮೆಂಟ್ ಹಾಕಿ, ಸುಮ್ನೆ ಮೀಟಿಂಗ್ ಕರೆಯಬೇಡಿ. ಕಮಿಟ್ ಅಂದ್ರೆ ಯಾರು, ಯಾವಾಗ, ಯಾಕೆ ಅನ್ನುವುದರ ಸಮೇತ ದಾಖಲಾದ ಬದಲಾವಣೆ. ಬ್ರ್ಯಾಂಚ್ ಅಂದ್ರೆ ಮುಖ್ಯ ಕೋಡ್ ಮುಟ್ಟದೆ ಕೆಲಸ ಮಾಡುವ ಜಾಗ.

ನಾನು ಎಡವಿದ್ದು ಬೇರೆ ಕಡೆ. ಡೆವಲಪರ್ 'ಮರ್ಜ್ ಆಯ್ತು' ಅಂದ ಕೂಡಲೇ ಗ್ರಾಹಕರಿಗೆ ಮೇಲ್ ಕಳಿಸಿಬಿಟ್ಟೆ. ಮರ್ಜ್ ಬೇರೆ, ಡಿಪ್ಲಾಯ್ ಬೇರೆ: ಮರ್ಜ್ ಅಂದ್ರೆ ಬದಲಾವಣೆಯನ್ನು ಮುಖ್ಯ ಕೋಡ್‌ಗೆ ಸೇರಿಸೋದು, ಡಿಪ್ಲಾಯ್ ಅಂದ್ರೆ ಅದನ್ನು ಗ್ರಾಹಕರು ಬಳಸುವ ವ್ಯವಸ್ಥೆಗೆ, ಅಂದ್ರೆ ಪ್ರೊಡಕ್ಷನ್‌ಗೆ, ಹಾಕೋದು. 'ಪ್ರೊಡಕ್ಷನ್‌ಗೆ ಹೋಯ್ತಾ?' ಅಂತ ಮೊದಲು ಕೇಳಿ.