ಮದುರಾ ಸಾತೆ: ಕೆಂಡದ ಮೇಲೆ ಸುಟ್ಟ ಚಿಕನ್, ಮೇಲೆ ಕಡ್ಲೆಬೀಜದ ಸಾಸ್

ಸಾತೆ ಅಂದ್ರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ, ಇಂಡೋನೇಷ್ಯಾದಲ್ಲಿ ಊರಿಗೊಂದು ಥರ ಇದೆ. ಪಡಾಂಗ್ ಕಡೆಯದಕ್ಕೆ ಅಕ್ಕಿಹಿಟ್ಟು ಹಾಕಿದ ಹಳದಿ ಗಟ್ಟಿ ಗ್ರೇವಿ, ಬಾಲಿಯಲ್ಲಿ ಮಾಂಸ ಅರೆದು ತೆಂಗಿನತುರಿ ಸೇರಿಸಿ ಕಡ್ಡಿಗೆ ಮೆತ್ತುತ್ತಾರೆ, ಯೋಗ್ಯಕರ್ತಾ ಪಕ್ಕದ ಬಂತುಲ್‌ನಲ್ಲಂತೂ ಮಟನ್‌ನ ಸೈಕಲ್ ಚಕ್ರದ ಕಡ್ಡಿಗೇ ಚುಚ್ಚಿ ಸುಡ್ತಾರೆ. ಆದ್ರೆ ಕಡ್ಲೆಬೀಜದ ಸಾಸ್ ಅಂದ ತಕ್ಷಣ ನೆನಪಾಗೋದು ಮದುರಾದ ಚಿಕನ್ ಸಾತೆ. ಮದುರಾ ಅಂದ್ರೆ ಸುರಬಾಯಾ ಎದುರಿಗಿರೋ ದ್ವೀಪ, ಅಲ್ಲಿಯವರು ಜಕಾರ್ತಾದಿಂದ ಹಿಡಿದು ಎಲ್ಲಾ ಊರಲ್ಲೂ ತಳ್ಳುಗಾಡಿ ಇಟ್ಕೊಂಡು ರಾತ್ರಿ ಹೊತ್ತು "ತೇ... ಸಾತೇ" ಅಂತ ಕೂಗ್ತಾ ಬರ್ತಾರೆ.

ಮೊದಲು ಕೆಚಾಪ್ ಮಾನಿಸ್ ಹೊಂದಿಸಿಕೊಳ್ಳಿ. ಇದು ತಾಳೆಬೆಲ್ಲ ಹಾಕಿದ ಸಿಹಿ ಸೋಯಾ ಸಾಸ್, ಇದಿಲ್ಲದೆ ಸಾತೆಗೆ ಆ ಕಪ್ಪು ಹೊಳಪು ಬರೋದೇ ಇಲ್ಲ. ಸಿಗ್ಲಿಲ್ಲ ಅಂದ್ರೆ ಅರ್ಧ ಕಪ್ ಸೋಯಾ ಸಾಸ್‌ಗೆ ಅರ್ಧ ಕಪ್ ತಾಳೆಬೆಲ್ಲದ ಪುಡಿ ಹಾಕಿ ಸಣ್ಣ ಉರೀಲಿ ಜೇನಿನಷ್ಟು ಮಂದ ಆಗೋವರೆಗೆ ಕುದಿಸಿ, ಸಾಕು.

ಅರ್ಧ ಕೆಜಿ ಬೋನ್‌ಲೆಸ್ ಚಿಕನ್ ತಗೊಳ್ಳಿ, ತೊಡೆ ಭಾಗಾನೇ ಕೇಳಿ, ಎದೆ ಮಾಂಸ ಒಣಗಿಬಿಡುತ್ತೆ. 2 ಸೆಂ.ಮೀ. ತುಂಡು ಮಾಡಿ, ಒಂದು ಕಡ್ಡಿಗೆ ನಾಲ್ಕು ತುಂಡು, ಮಧ್ಯೆ ಒಂದು ಚರ್ಮದ ತುಂಡು ಸೇರಿಸಿ, ಆ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳೋ ಹೊಗೇಲೇ ಅರ್ಧ ರುಚಿ ಇರೋದು. ಬಿದಿರು ಕಡ್ಡಿನ ಅರ್ಧ ಗಂಟೆ ನೀರಲ್ಲಿ ನೆನೆಸಿಟ್ಟಿರಿ, ಇಲ್ಲಾಂದ್ರೆ ಹೊತ್ಕೊಳ್ಳುತ್ತೆ.

ಈಗ ಸಾಸ್. ದಯವಿಟ್ಟು ಬಾಟಲಿ ಪೀನಟ್ ಬಟರ್ ಬೇಡ. 150 ಗ್ರಾಂ ಕಡ್ಲೆಬೀಜನ ಸಿಪ್ಪೆ ಸಮೇತ ಎಣ್ಣೇಲಿ ಕರೀರಿ, ಬಣ್ಣ ತಿರುಗ್ತಿದ್ದಂಗೆ ತೆಗೆದುಬಿಡಿ, ಯಾಕಂದ್ರೆ ತೆಗೆದ ಮೇಲೂ ಬಿಸಿಗೆ ಇನ್ನಷ್ಟು ಕೆಂಪಾಗುತ್ತೆ, ಸ್ವಲ್ಪ ಹೆಚ್ಚಾದ್ರೂ ಸಾಸ್ ಕಹಿ. ಅದೇ ಎಣ್ಣೇಲಿ ಐದಾರು ಸಾಂಬಾರ್ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, ಮೂರು ಕೆಂಪು ಮೆಣಸಿನಕಾಯಿ ಬಾಡಿಸಿ. ಅಲ್ಲಿ ಕೆಮಿರಿ ಅನ್ನೋ ಬೀಜ ಹಾಕ್ತಾರೆ, ಬದಲಿಗೆ ನಾಲ್ಕು ಗೋಡಂಬಿ ಆಗುತ್ತೆ. ಎಲ್ಲಾ ಸೇರಿಸಿ ಅರೆದು, ಒಂದೂವರೆ ಕಪ್ ನೀರು, ಒಂದು ಚಮಚ ಬೆಲ್ಲ, ಉಪ್ಪು ಹಾಕಿ ಕುದಿಸಿ. ತಳ ಹಿಡಿಯುತ್ತೆ, ಕೈ ಬಿಡದೆ ತಿರುಗಿಸ್ತಾನೇ ಇರಿ. ಹತ್ತು ಹದಿನೈದು ನಿಮಿಷಕ್ಕೆ ಮೊದಲು ಬೆಳ್ಳಗಿದ್ದದ್ದು ಕಂದು ಬಣ್ಣಕ್ಕೆ ತಿರುಗಿ, ಅಂಚಲ್ಲಿ ಎಣ್ಣೆ ಬಿಟ್ಕೊಳ್ಳುತ್ತೆ, ಅದೇ ಹದ. ಅವಸರ ಮಾಡಿ ಮೊದಲೇ ಇಳಿಸಿದ್ರೆ ಹಸಿ ವಾಸನೆ ಉಳಿಯುತ್ತೆ.

ಇದರಲ್ಲಿ ಮೂರ್ನಾಲ್ಕು ಚಮಚ ಬೇರೆ ತಟ್ಟೆಗೆ ತೆಗೆದು, ಅಷ್ಟೇ ಕೆಚಾಪ್ ಮಾನಿಸ್, ಒಂದು ಚಮಚ ಎಣ್ಣೆ ಕಲಸಿ ಕಡ್ಡಿಗಳನ್ನ ಅದರಲ್ಲಿ ಹೊರಳಿಸಿ. ಹಸಿ ಚಿಕನ್ ಮುಟ್ಟಿದ ಈ ಸಾಸ್‌ನ ತಿನ್ನೋ ತಟ್ಟೆಗೆ ಮಾತ್ರ ಬಡಿಸ್ಬೇಡಿ.

ಇದ್ದಿಲಿನ ಉರಿ ಪೂರ್ತಿ ಇಳಿದು ಮೇಲೆ ಬೂದಿ ಕಟ್ಟಿದ ಮೇಲೇ ಸುಡೋಕೆ ಶುರು ಮಾಡಿ. ಎರಡು ಸಾಲು ಇಟ್ಟಿಗೆ ಮಧ್ಯೆ ಕೆಂಡ ಹಾಕಿ, ಮಾಂಸ ಕೆಂಡದ ಮೇಲೆ, ಕಡ್ಡಿ ತುದಿ ಹೊರಗೆ ಬರೋ ಹಾಗಿಟ್ರೆ ಗ್ರಿಲ್ಲೇ ಬೇಡ. ಒಂದು ಕೈಲಿ ಬೀಸಣಿಗೆ ಬೀಸ್ತಾ ಇನ್ನೊಂದರಲ್ಲಿ ತಿರುಗಿಸ್ತಾ ಇರಿ, ಅರ್ಧ ಬೆಂದಾಗ ಮತ್ತೊಮ್ಮೆ ಆ ಬೇರೆ ತಟ್ಟೆಯ ಸಾಸ್‌ನಲ್ಲಿ ಹೊರಳಿಸಿ ಚೆನ್ನಾಗಿ ಬೇಯೋವರೆಗೆ ಸುಡಿ, ಅಂಚು ಅಲ್ಲಲ್ಲಿ ಕಪ್ಪಾದ್ರೇನೇ ಚೆಂದ. ತವಾ ಮೇಲೂ ಆಗುತ್ತೆ, ಆದ್ರೆ ಆ ಹೊಗೆ ಘಮ ಸಿಗಲ್ಲ.

ಬಡಿಸುವಾಗ ಪಾತ್ರೆಯಲ್ಲಿ ಉಳಿದ ಕಡ್ಲೆಬೀಜದ ಸಾಸ್ ಸುರಿದು, ಮೇಲೆ ಕೆಚಾಪ್ ಮಾನಿಸ್, ಹೆಚ್ಚಿದ ಹಸಿ ಈರುಳ್ಳಿ, ಖಾರದ ಪುಟ್ಟ ಮೆಣಸಿನಕಾಯಿ, ನಿಂಬೆ ಹುಳಿ. ಜೊತೆಗೆ ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ ಗಂಟೆಗಟ್ಟಲೆ ಬೇಯಿಸಿದ ಅನ್ನ, ಲೊಂತೊಂಗ್. ಅನ್ನ ಅಂಟಂಟಾಗಿ ಬೇಯಿಸಿ ಒತ್ತಿ ಆರಿಸಿ ತುಂಡು ಮಾಡಿಕೊಂಡ್ರೂ ನಡೆಯುತ್ತೆ.

ಬಕ್ರೀದ್ ಸಮಯದಲ್ಲಿ ಅಲ್ಲಿ ಮನೆಮನೆಯಲ್ಲೂ ಸಾತೆ ಸುಡ್ತಾರೆ, ಆಗ ಮಟನ್. ನೀವೂ ಮಟನ್ ತಂದ್ರೆ ಪಪ್ಪಾಯಿ ಎಲೆ ಜಜ್ಜಿ ಅರ್ಧ ಗಂಟೆ ಸುತ್ತಿಡಿ, ಮೆತ್ತಗಾಗುತ್ತೆ, ಜಾಸ್ತಿ ಹೊತ್ತು ಬಿಟ್ರೆ ಮಾಂಸ ಹಿಟ್ಟಾಗುತ್ತೆ.