ಕ್ಯೂಜಿಐಎಸ್ 3.0 ತಡವಾದಾಗ: ಕೆರೆ ನಕ್ಷೆಯ ಕೆಲಸದಲ್ಲಿ ನನ್ನ ಅನುಭವ

ಕ್ಯೂಜಿಐಎಸ್ ಎಂಬ ಮುಕ್ತ ನಕ್ಷಾ ತಂತ್ರಾಂಶದ 2.18 ಆವೃತ್ತಿ ಬಂದದ್ದು 2016ರ ಅಕ್ಟೋಬರ್‌ನಲ್ಲಿ. ಅದರ ನಂತರದ ಹೊಸ ಆವೃತ್ತಿಯಾದ 3.0 ಬಿಡುಗಡೆಯಾದದ್ದು 2018ರ ಫೆಬ್ರವರಿ 23ರಂದು. ನಾಲ್ಕು ತಿಂಗಳಿಗೊಂದು ಆವೃತ್ತಿ ಬರುವುದನ್ನೇ ರೂಢಿ ಮಾಡಿಕೊಂಡಿದ್ದ ಬಳಕೆದಾರರಿಗೆ ಈ 16 ತಿಂಗಳ ಅಂತರ ಬಹಳ ದೊಡ್ಡದು. 2017ರಲ್ಲೇ ಬರುತ್ತದೆ ಎಂದುಕೊಂಡಿದ್ದ ಆವೃತ್ತಿಯ ದಿನಾಂಕ ಮುಂದಕ್ಕೆ ಹೋಗುತ್ತಿದ್ದ ಆ ಕಾಲದಲ್ಲಿ ನಾನು ಕೋಲಾರ ಜಿಲ್ಲೆಯ ಕೆರೆಗಳ ನಕ್ಷೆ ಮಾಡುವ ಸಣ್ಣ ತಂಡವೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಕೆರೆಯಂಗಳದ ಗಡಿ, ಏರಿ, ತೂಬು, ಕೋಡಿ, ನೀರು ತರುವ ಕಾಲುವೆ, ಕೆಳಗಿನ ಅಚ್ಚುಕಟ್ಟು ಇವೆಲ್ಲವನ್ನೂ ಸರ್ವೆ ನಂಬರುಗಳ ಸಮೇತ ಗುರುತಿಸಿ, ಕೆರೆಗೊಂದು ಹಾಳೆಯಂತೆ ಕನ್ನಡದಲ್ಲಿ ಮುದ್ರಿಸಿ ಕೊಡುವುದು ನಮ್ಮ ಹೊಣೆಯಾಗಿತ್ತು. ಹೊಸ ಆವೃತ್ತಿಗಾಗಿ ಕಾಯುತ್ತಲೇ ಈ ಕೆಲಸವನ್ನು ನಿಲ್ಲದಂತೆ ಹೇಗೆ ನಡೆಸಿದೆವು, ಕಾಯುವ ಅವಧಿಯನ್ನು ಯಾವುದಕ್ಕೆ ಬಳಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಡವಾಗುವುದಕ್ಕೆ ಕಾರಣವೇನೆಂಬುದು ಗುಟ್ಟಾಗಿರಲಿಲ್ಲ. ಕ್ಯೂಜಿಐಎಸ್‌ನ ಕಿಟಕಿ, ಗುಂಡಿ, ಅಕ್ಷರಗಳನ್ನೆಲ್ಲ ತೆರೆಯ ಮೇಲೆ ಮೂಡಿಸುವ ಕ್ಯೂಟಿ ಗ್ರಂಥಾಲಯದ ನಾಲ್ಕನೆಯ ಪೀಳಿಗೆಗೆ 2015ರ ಕೊನೆಗೇ ಬೆಂಬಲ ಮುಗಿದಿತ್ತು. ಕಾರ್ಯಕ್ರಮಗಳನ್ನು ಬರೆಯುವ ಪೈಥಾನ್ ಭಾಷೆಯ ಎರಡನೆಯ ಪೀಳಿಗೆಯಾದ ಪೈಥಾನ್ 2ರ ಆಯುಷ್ಯ 2020ರ ಆರಂಭಕ್ಕೆ ತೀರುವುದೂ ಗೊತ್ತಿತ್ತು. ಆದ್ದರಿಂದ ಕ್ಯೂಟಿ 5 ಮತ್ತು ಪೈಥಾನ್ 3, ಎರಡಕ್ಕೂ ಒಂದೇ ಬಾರಿಗೆ ದಾಟಬೇಕಾಯಿತು. ಹೇಗಿದ್ದರೂ ಹಳೆಯ ಪ್ಲಗಿನ್‌ಗಳು, ಅಂದರೆ ಬೇಕಾದವರು ಸೇರಿಸಿಕೊಳ್ಳುವ ಉಪತಂತ್ರಾಂಶಗಳು, ಮುರಿಯುತ್ತವೆಯೆಂದ ಮೇಲೆ, ವರ್ಷಗಳಿಂದ ಒಳಗೆ ಸೇರಿಕೊಂಡಿದ್ದ ಹಳೆಯ ಹೆಸರುಗಳನ್ನೂ ಬಳಸು ದಾರಿಗಳನ್ನೂ ಇದೇ ಸಂದರ್ಭದಲ್ಲಿ ತೆಗೆದುಹಾಕಲು ಅಭಿವೃದ್ಧಿಕಾರರು ನಿರ್ಧರಿಸಿದರು. ಇದರ ಜೊತೆಗೆ ಮುದ್ರಣದ ಕಂಪೋಸರ್ ಜಾಗಕ್ಕೆ ಹೊಸ ಲೇಔಟ್ ವ್ಯವಸ್ಥೆ ಬಂತು. ಸ್ವಯಂಸೇವಕರೂ ಕೆಲವು ಸಣ್ಣ ಸಂಸ್ಥೆಗಳೂ ಕೂಡಿ ನಡೆಸುವ ಯೋಜನೆಯೊಂದು ಇಷ್ಟು ಭಾರ ಹೊತ್ತ ಮೇಲೆ ಹೇಳಿದ ದಿನಕ್ಕೆ ಮುಗಿಸಲಾರದು. ಅರೆಬೆಂದ 3.0 ಬೇಗ ಬರುವುದಕ್ಕಿಂತ ತಡವಾಗಿ ಬಂದದ್ದೇ ಒಳ್ಳೆಯದಾಯಿತು ಎಂಬುದು ಅಂದಿನಿಂದಲೂ ನನ್ನ ಅಭಿಪ್ರಾಯ.

ನಾವು ಮೊದಲು ಮಾಡಿದ ಕೆಲಸ ಕಾಗದದ ಮೇಲಿನದು. ನಕ್ಷೆಗಳನ್ನು ಕೇಳಿದ್ದ ಕಚೇರಿಯೊಂದು ‘ಹೊಸ ಆವೃತ್ತಿ ಬಂದ ಮೇಲೆ ಅದರಲ್ಲೇ ಕೊಡಿ’ ಎಂದು ಒತ್ತಾಯಿಸುತ್ತಿತ್ತು. ಕೊಡುವ ಕಡತಗಳು 2.18ರಲ್ಲಿ ತೆರೆಯುವಂತಿರುತ್ತವೆ, ಯೋಜನೆ ಮುಗಿಯುವವರೆಗೆ ಆವೃತ್ತಿ ಬದಲಾಗುವುದಿಲ್ಲ ಎಂದು ಒಪ್ಪಂದದ ಪತ್ರದಲ್ಲೇ ಬರೆಸಿಕೊಂಡೆವು. 2.18 ದೀರ್ಘಾವಧಿ ಬೆಂಬಲದ ಆವೃತ್ತಿಯಾದ ಕಾರಣ ಅದಕ್ಕೆ ಸಣ್ಣ ತಿದ್ದುಪಡಿಗಳು ಬರುತ್ತಲೇ ಇದ್ದವು. 3.0 ಬಂದು ಒಂದು ವರ್ಷವಾಗುವವರೆಗೂ ಆ ಆಸರೆ ಇತ್ತು. ಬೇರೊಬ್ಬರ ಕೈಯಲ್ಲಿರುವ ದಿನಾಂಕವನ್ನು ನಮ್ಮ ವೇಳಾಪಟ್ಟಿಯಲ್ಲಿ ಎಲ್ಲಿಯೂ ಬರೆಯದೆ ಇದ್ದದ್ದರಿಂದ, ಆ ದಿನಾಂಕ ಮುಂದಕ್ಕೆ ಹೋದಾಗಲೆಲ್ಲ ಯಾರಿಗೂ ಉತ್ತರ ಹೇಳುವ ಪ್ರಮೇಯ ಬರಲಿಲ್ಲ.

ಎರಡನೆಯದು ದತ್ತಾಂಶ, ನಮ್ಮ ಸಮಯದ ಬಹುಪಾಲು ಹೋದದ್ದು ಇಲ್ಲಿಗೇ. ನಕ್ಷೆಯ ದತ್ತಾಂಶ ಇಡಲು 3.0ರಲ್ಲಿ ಹಳೆಯ ಶೇಪ್‌ಫೈಲ್ ಬದಲು ಜಿಯೊಪ್ಯಾಕೇಜ್ ಸಹಜ ಕಡತ ರೂಪವಾಗಲಿದೆ ಎಂಬುದು ಮೊದಲೇ ತಿಳಿದಿತ್ತು. 2.18ರಲ್ಲಿಯೂ ಅದನ್ನು ಓದಿ ಬರೆಯಬಹುದಾಗಿದ್ದರಿಂದ ಕಾಯುವ ಅಗತ್ಯವಿರಲಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಶೇಪ್‌ಫೈಲ್ ಕೊಡುವ ಕಷ್ಟ ಎಂಥದೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಶೇಪ್‌ಫೈಲಿನ ಮಾಹಿತಿಯೆಲ್ಲ ಇರುವುದು ಹಳೆಯ ಡಿಬೇಸ್ ಕೋಷ್ಟಕದಲ್ಲಿ. ಅದರಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್, ಒಂದು ಪಠ್ಯ ಕೋಶಕ್ಕೆ ಹೆಚ್ಚೆಂದರೆ 254 ಬೈಟ್. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಸ್ವರಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರದ ಒಳಗಿರುವ ಹಲಂತವೂ ಒಂದು ಸಂಕೇತ. ‘ಶ್ರೀನಿವಾಸಪುರ’ ಎಂಬುದು ಓದುವವರ ಕಣ್ಣಿಗೆ ಆರು ಅಕ್ಷರ, ಕಡತದಲ್ಲಿ 12 ಸಂಕೇತ, ಅಂದರೆ 36 ಬೈಟ್. ‘ಕೆರೆ’ ಎಂಬ ಎರಡಕ್ಷರಕ್ಕೇ 12 ಬೈಟ್ ಆಗುವುದರಿಂದ ಅದು ಕಾಲಂ ಹೆಸರಾಗಿ ಪೂರ್ತಿ ಹಿಡಿಸುವುದೇ ಇಲ್ಲ. ಕೆರೆಯ ಹೆಸರು, ಗ್ರಾಮ, ಹೋಬಳಿ, ಜೊತೆಗೆ ತೂಬಿನ ಸ್ಥಿತಿಯ ಬಗ್ಗೆ ಒಂದು ಷರಾ ಬರೆದರೆ, ಸುಮಾರು 84 ಸಂಕೇತ ದಾಟಿದೊಡನೆ ವಾಕ್ಯ ನಡುವೆಯೇ ಕತ್ತರಿಸಿಹೋಗುತ್ತದೆ. ಕತ್ತರಿಯು ಮೂರು ಬೈಟ್‌ಗಳ ನಡುವೆ ಬಿದ್ದರೆ ಕೊನೆಯ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ.

ಇದಕ್ಕಿಂತ ಹೆಚ್ಚು ತಾಳ್ಮೆ ಬೇಡಿದ್ದು ಯುನಿಕೋಡ್ ಅಲ್ಲದ ಹಳೆಯ ಕಡತಗಳು. ನಮ್ಮ ಕೈಗೆ ಬಂದ ಪಟ್ಟಿಗಳಲ್ಲಿ ಬಹಳಷ್ಟನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಲಾಗಿತ್ತು. ಆ ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ರೋಮನ್ ಲಿಪಿಯ ಅರ್ಥವಿಲ್ಲದ ಸಾಲು. ಪರಿವರ್ತಕ ತಂತ್ರಾಂಶಗಳು ಕೆಲಸದ ಬಹುಭಾಗವನ್ನು ಮಾಡಿಕೊಡುತ್ತವೆ, ಆದರೆ ಅರ್ಕಾವತ್ತಿನ ಬಳಿ ಎಚ್ಚರಿಕೆ ಬೇಕು. ‘ದುರ್ಗ’ ಎಂದು ಬರೆಯುವಾಗ ಹಳೆಯ ವಿನ್ಯಾಸದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ‘ಗ’ ಆದ ಮೇಲೆ ಬರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ ‘ರ’ ಮೊದಲು. ಪರಿವರ್ತಕ ಈ ಅದಲುಬದಲನ್ನು ಸರಿಯಾಗಿ ಮಾಡದಿದ್ದರೆ ಊರಿನ ಹೆಸರು ಹುಡುಕಾಟಕ್ಕೆ ಸಿಗುವುದಿಲ್ಲ, ಗ್ರಾಮಗಳ ಮೂಲ ಪಟ್ಟಿಯೊಂದಿಗೆ ಜೋಡಣೆಯಾಗುವುದೂ ಇಲ್ಲ. ಆದ್ದರಿಂದ ಪ್ರತಿ ಹೋಬಳಿಯ ಪಟ್ಟಿಯನ್ನೂ ಪರಿವರ್ತಿಸಿದ ಮೇಲೆ ಮೂಲ ಪಟ್ಟಿಯೊಂದಿಗೆ ಜೋಡಿಸಿ, ಜೋಡಣೆಯಾಗದೆ ಉಳಿದ ಹೆಸರುಗಳನ್ನು ಮಾತ್ರ ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಿದ್ದುವ ಕ್ರಮ ಇಟ್ಟುಕೊಂಡೆವು. ನಿಧಾನವಾದ ಕೆಲಸವೇ ಹೌದು. ಆದರೆ ಹೊಸ ಆವೃತ್ತಿ ನಾಳೆಯೇ ಬಂದಿದ್ದರೂ ಇದನ್ನು ಅದು ಮಾಡಿಕೊಡುತ್ತಿರಲಿಲ್ಲ.

ಜಿಯೊಪ್ಯಾಕೇಜ್‌ಗೆ ತನ್ನದೇ ಒಂದು ಚಾಳಿ ಉಂಟು. ಕ್ಯೂಜಿಐಎಸ್‌ನಲ್ಲಿ ಅದು ತೆರೆದಿರುವಾಗ ಪಕ್ಕದಲ್ಲಿ ಎರಡು ಸಣ್ಣ ಸಹಾಯಕ ಕಡತಗಳು ಹುಟ್ಟಿಕೊಳ್ಳುತ್ತವೆ, ಇತ್ತೀಚಿನ ತಿದ್ದುಪಡಿಗಳು ಸ್ವಲ್ಪ ಕಾಲ ಅವುಗಳಲ್ಲೇ ಇರುತ್ತವೆ. ತಂತ್ರಾಂಶವನ್ನು ಮುಚ್ಚದೆ ಮುಖ್ಯ ಕಡತವನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರೆ ಆ ದಿನದ ಕೆಲಸ ಬಿಟ್ಟುಹೋಗಬಹುದು. ಮುಚ್ಚಿದ ಮೇಲೆಯೇ ನಕಲು ಎಂಬ ನಿಯಮವನ್ನು ಮೊದಲ ವಾರದಲ್ಲೇ ಗೋಡೆಗೆ ಅಂಟಿಸಿದ್ದೆವು.

ಮೂರನೆಯದು ನಮ್ಮ ಪೈಥಾನ್ ಕಡತಗಳು. 3.0ರಲ್ಲಿ ಯಾವ ಹೆಸರುಗಳು ಹೋಗಲಿವೆ, ಅವುಗಳ ಜಾಗಕ್ಕೆ ಯಾವುವು ಬರಲಿವೆ ಎಂಬ ಪಟ್ಟಿ ಬಿಡುಗಡೆಗೆ ಬಹಳ ಮೊದಲೇ ದೊರೆಯುತ್ತಿತ್ತು. ನಕ್ಷೆಯ ಪದರಗಳ ಲೆಕ್ಕ ಇಡುತ್ತಿದ್ದ ಮ್ಯಾಪ್‌ಲೇಯರ್ ರಿಜಿಸ್ಟ್ರಿ ಹೋಗಿ ಅದರ ಕೆಲಸ ಪ್ರಾಜೆಕ್ಟ್‌ಗೆ ಸೇರುವುದು, ಲೆಕ್ಕಾಚಾರ ನಡೆಸುವ ಪ್ರೊಸೆಸಿಂಗ್ ವಿಭಾಗದ ರನ್‌ಆಲ್ಗ್ ಎಂಬ ಆದೇಶ ಹೋಗಿ ರನ್ ಬರುವುದು, ಹೀಗೆ. ಇಂಥವನ್ನು ತಿದ್ದುವುದು ಕಷ್ಟವಲ್ಲ, ಏಕೆಂದರೆ ತಪ್ಪಿದ್ದರೆ ಕಾರ್ಯಕ್ರಮ ಅಲ್ಲಿಯೇ ನಿಂತು ಕೆಂಪು ಅಕ್ಷರದಲ್ಲಿ ದೂರು ಹೇಳುತ್ತದೆ. ನನಗೆ ಭಯವಿದ್ದದ್ದು ನಿಲ್ಲದೆ ಮುಂದೆ ಹೋಗುವ ತಪ್ಪುಗಳ ಬಗ್ಗೆ. ನಮ್ಮ ಹಾಳೆಗಳಲ್ಲಿ ವಿಸ್ತೀರ್ಣವನ್ನು ಎಕರೆ-ಗುಂಟೆಯಲ್ಲಿ ತೋರಿಸಬೇಕಿತ್ತು. ಒಟ್ಟು ಗುಂಟೆಯನ್ನು 40ರಿಂದ ಭಾಗಿಸಿದರೆ ಎಕರೆ, ಉಳಿದದ್ದು ಗುಂಟೆ. ಪೈಥಾನ್ 2ರಲ್ಲಿ ಪೂರ್ಣಾಂಕ 95ನ್ನು 40ರಿಂದ ಭಾಗಿಸಿದರೆ 2 ಬರುತ್ತದೆ, ಪೈಥಾನ್ 3ರಲ್ಲಿ ಅದೇ ಸಾಲು 2.375 ಕೊಡುತ್ತದೆ. ‘2 ಎಕರೆ 15 ಗುಂಟೆ’ ಎಂದಿರಬೇಕಾದಲ್ಲಿ ‘2.375 ಎಕರೆ 15 ಗುಂಟೆ’ ಎಂದು ಅಚ್ಚಾದರೆ ತಂತ್ರಾಂಶಕ್ಕೆ ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. ಜೋಡಿ ಓರೆಗೆರೆಯ (//) ಭಾಗಾಕಾರ ಎರಡೂ ಪೈಥಾನ್‌ಗಳಲ್ಲಿ ಒಂದೇ ಉತ್ತರ ಕೊಡುವುದರಿಂದ, ಭಾಗಾಕಾರವಿದ್ದ ಪ್ರತಿಯೊಂದು ಸಾಲನ್ನೂ ನೋಡಿ, ಬೇಕಾದಲ್ಲೆಲ್ಲ ಅದನ್ನು ಹಾಕಿದೆವು. ಕನ್ನಡ ಪದದ ಉದ್ದ ಎಣಿಸುವ ಸಾಲುಗಳದೂ ಇದೇ ಕಥೆ: ‘ಕೆರೆ’ಯ ಉದ್ದ ಪೈಥಾನ್ 2ರ ಸಾಮಾನ್ಯ ಪಠ್ಯದಲ್ಲಿ 12, ಪೈಥಾನ್ 3ರಲ್ಲಿ 4. ಶೀರ್ಷಿಕೆಯ ಅಕ್ಷರದ ಗಾತ್ರವನ್ನು ಹೆಸರಿನ ಉದ್ದ ನೋಡಿ ನಿರ್ಧರಿಸುತ್ತಿದ್ದ ನಮ್ಮ ಕಾರ್ಯಕ್ರಮಕ್ಕೆ ಇದು ಸಣ್ಣ ವ್ಯತ್ಯಾಸವಾಗಿರಲಿಲ್ಲ.

ಎರಡೂ ಕಡೆ ಓಡುವಂತೆ ಬರೆಯುವುದೇ ನಮ್ಮ ಸೂತ್ರವಾಯಿತು. ಕ್ಯೂಟಿಯ ಭಾಗಗಳನ್ನು ನೇರವಾಗಿ ಕರೆಯದೆ ಕ್ಯೂಜಿಐಎಸ್ ತಾನೇ ಒದಗಿಸುವ ಮಧ್ಯದ ಮಾಡ್ಯೂಲಿನ ಮೂಲಕ ಕರೆದರೆ, ಕೆಳಗೆ ಇರುವುದು ನಾಲ್ಕನೆಯ ಪೀಳಿಗೆಯೋ ಐದನೆಯದೋ ಎಂದು ನಮ್ಮ ಕಾರ್ಯಕ್ರಮಕ್ಕೆ ತಿಳಿಯಬೇಕಿರಲಿಲ್ಲ. ಕೆರೆಗೊಂದು ಹಾಳೆ ತೆಗೆಯುವ ಅಟ್ಲಾಸ್ ಸೂತ್ರಗಳಲ್ಲಿಯೂ ಡಾಲರ್ ಚಿಹ್ನೆಯ ಹಳೆಯ ರೂಪ ಬಿಟ್ಟು ‘ಅಟ್’ ಚಿಹ್ನೆಯ ಚರಪದಗಳನ್ನೇ ಬಳಸಿದೆವು.

ಇನ್ನು ಪರೀಕ್ಷೆಯ ಮಾತು. ಬಿಡುಗಡೆಗೆ ಮುಂಚಿನ 2.99 ಎಂಬ ನಿರ್ಮಾಣ ಹಂತದ ಆವೃತ್ತಿಯನ್ನು ಓಎಸ್‌ಜಿಯೊ4ಡಬ್ಲ್ಯೂ ಎಂಬ ವಿಂಡೋಸ್ ಅನುಸ್ಥಾಪಕದ ಮೂಲಕ 2.18ರ ಪಕ್ಕದಲ್ಲೇ ಹಾಕಿಕೊಳ್ಳಬಹುದಿತ್ತು, ಎರಡರ ಸೆಟ್ಟಿಂಗ್‌ಗಳೂ ಬೇರೆ ಬೇರೆ ಜಾಗದಲ್ಲಿ ಇರುತ್ತಿದ್ದವು. ನಿಜವಾದ ಕೆಲಸದ ಕಡತಗಳನ್ನು ಅದರಲ್ಲಿ ತೆರೆಯಲು ಯಾರಿಗೂ ಬಿಡಲಿಲ್ಲ. ನಕಲು ಪ್ರತಿಯನ್ನು ಮಾತ್ರ ತೆರೆದು ನೋಡುತ್ತಿದ್ದೆವು. ಕೋಲಾರ ಜಿಲ್ಲೆಯ ನಡುವೆಯೇ 78 ಡಿಗ್ರಿ ಪೂರ್ವ ರೇಖಾಂಶ ಹಾದುಹೋಗುವುದರಿಂದ ಮಾಲೂರು, ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಹಂಚುವ ಯುಟಿಎಂ ನಕ್ಷಾ ಪದ್ಧತಿಯ 43ನೆಯ ವಲಯಕ್ಕೂ, ಕೋಲಾರ ಪಟ್ಟಣ, ಮುಳಬಾಗಿಲುಗಳು 44ನೆಯ ವಲಯಕ್ಕೂ ಸೇರುತ್ತವೆ. ಪದರಗಳು ಬೇರೆ ಬೇರೆ ವಲಯದಲ್ಲಿದ್ದಾಗ ಅವನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವ ಸೌಲಭ್ಯ 2.18ರಲ್ಲಿ ಆಯಾ ಪ್ರಾಜೆಕ್ಟಿನ ಒಂದು ಟಿಕ್ ಗುರುತಿನ ಮೇಲೆ ನಿಂತಿತ್ತು, 3.0ರಲ್ಲಿ ಅದು ಯಾವಾಗಲೂ ಚಾಲ್ತಿಯಲ್ಲಿರುತ್ತದೆ. ಇದರಿಂದ ವಿಸ್ತೀರ್ಣದ ಅಂಕಿಗಳು ಬದಲಾದಾವೇ ಎಂಬುದು ನಮ್ಮ ಮುಖ್ಯ ಪ್ರಶ್ನೆ.

ಕ್ಯೂಜಿಐಎಸ್‌ನಲ್ಲಿ ವಿಸ್ತೀರ್ಣಕ್ಕೆ ಎರಡು ಲೆಕ್ಕಗಳಿವೆ: ಭೂಮಿಯ ಬಾಗನ್ನು ಗಣನೆಗೆ ತೆಗೆದುಕೊಳ್ಳುವುದು ಒಂದು, ಪ್ರಕ್ಷೇಪದ ಸಮತಟ್ಟು ಹಾಳೆಯ ಮೇಲೆ ಅಳೆಯುವುದು ಇನ್ನೊಂದು. ನಮ್ಮ ಅಕ್ಷಾಂಶದಲ್ಲಿ ಯುಟಿಎಂ ವಲಯದ ಅಂಚಿಗೆ ಬಂದಾಗ ಎರಡನೆಯ ಲೆಕ್ಕ ಶೇಕಡಾ 0.18ರಷ್ಟು ಹೆಚ್ಚು ತೋರಿಸುತ್ತದೆ. 100 ಹೆಕ್ಟೇರಿನ ಕೆರೆಗೆ ಇದು ಸುಮಾರು 18 ಗುಂಟೆ. ಒತ್ತುವರಿಯ ತಕರಾರು ಇರುವ ಕಡೆ 18 ಗುಂಟೆಯನ್ನು ಯಾರೂ ತಂತ್ರಾಂಶದ ಲೆಕ್ಕಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾಗಿ 78 ಡಿಗ್ರಿಯ ಎರಡೂ ಬದಿಯಿಂದ ಕೆಲವು ಕೆರೆಗಳನ್ನು ಆರಿಸಿಕೊಂಡು, ಎರಡು ಆವೃತ್ತಿಗಳಲ್ಲಿ ಎರಡೂ ಬಗೆಯ ಲೆಕ್ಕ ತೆಗೆದು ಪಕ್ಕಪಕ್ಕ ಇಟ್ಟೆವು. ಒಂದೇ ಬಗೆಯ ಲೆಕ್ಕವನ್ನು ಒಂದೇ ಸೆಟ್ಟಿಂಗ್‌ನಲ್ಲಿ ಕೇಳಿದಾಗ ಆವೃತ್ತಿ ಬದಲಾದರೂ ಉತ್ತರ ಬದಲಾಗಲಿಲ್ಲ. ಪ್ರತಿ ಹಾಳೆಯ ಕೆಳಗೆ ಯಾವ ಲೆಕ್ಕ, ಯಾವ ವಲಯ ಎಂದು ಚಿಕ್ಕ ಅಕ್ಷರದಲ್ಲಿ ಬರೆಯುವ ಪದ್ಧತಿ ಆ ಪರೀಕ್ಷೆಯಿಂದ ಬಂದದ್ದು, ಇಂದಿಗೂ ಇದೆ.

ಕೊನೆಗೆ 3.0 ಬಂದಾಗ ನಾವು ಸಂತೋಷಪಟ್ಟೆವು, ಆದರೆ ಅದಕ್ಕೆ ಬದಲಾಗಲಿಲ್ಲ. ಅದು ದೀರ್ಘಾವಧಿ ಬೆಂಬಲದ ಆವೃತ್ತಿಯಲ್ಲ, ನಾವು ನೆಚ್ಚಿಕೊಂಡಿದ್ದ ಪ್ಲಗಿನ್‌ಗಳಲ್ಲಿ ಹಲವು ಇನ್ನೂ ದಾಟಿ ಬಂದಿರಲಿಲ್ಲ, ಮೇಲಾಗಿ ಹೊಸದರಲ್ಲಿ ಉಳಿಸಿದ ಪ್ರಾಜೆಕ್ಟನ್ನು ಮತ್ತೆ 2.18ರಲ್ಲಿ ನೆಮ್ಮದಿಯಿಂದ ತೆರೆಯಲಾಗದು. ಜೂನ್‌ನಲ್ಲಿ 3.2, ಅಕ್ಟೋಬರ್‌ನಲ್ಲಿ 3.4 ಬಂದವು. 3.4ಕ್ಕೆ 2019ರ ಆರಂಭದಲ್ಲಿ ದೀರ್ಘಾವಧಿ ಬೆಂಬಲದ ಸ್ಥಾನ ಸಿಕ್ಕಿದ ಮೇಲೆಯೇ ಇಡೀ ತಂಡ ಒಟ್ಟಿಗೆ ಹೋಯಿತು. ದತ್ತಾಂಶಕ್ಕೆ ಏನೂ ಮಾಡಬೇಕಾಗಲಿಲ್ಲ, ಪೈಥಾನ್ ಕಡತಗಳೂ ಹೆಚ್ಚು ತಕರಾರು ಮಾಡಲಿಲ್ಲ. ಕಂಪೋಸರ್ ಹಾಳೆಗಳು ತಾವೇ ಲೇಔಟ್‌ಗಳಾಗಿ ತೆರೆದುಕೊಂಡವು. ನಕ್ಷೆಯ ಚಿಹ್ನೆಗಳ ಸೂಚಿಯ ಸಾಲುಗಳ ಅಂತರ ಮಾತ್ರ ಅಲ್ಲಲ್ಲಿ ಬದಲಾಗಿತ್ತು, ಅದನ್ನು ಕೈಯಿಂದ ಸರಿಮಾಡಿದೆವು.

ಕ್ಯೂಟಿ 6ಕ್ಕೆ ದಾಟುವ 4.0 ಆವೃತ್ತಿಯನ್ನು 2025ರ ಅಕ್ಟೋಬರ್‌ನಿಂದ 2026ರ ಫೆಬ್ರವರಿಗೆ ಮುಂದೂಡಿದ ಪ್ರಕಟಣೆ ಬಂದಾಗ ತಂಡದ ಹೊಸಬರು ‘ಈಗೇನು ಮಾಡುವುದು’ ಎಂದು ಕೇಳಿದರು. ಈ ಸಲದ ಬದಲಾವಣೆ 2018ರಷ್ಟು ದೊಡ್ಡದಲ್ಲ. ಪೈಥಾನ್ ಅದೇ 3, ಹಳೆಯ ಹೆಸರುಗಳನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದು ಅಭಿವೃದ್ಧಿಕಾರರ ಉದ್ದೇಶ. ಆದರೆ ಕ್ಯೂಟಿಯ ಎಣಿಕೆ ಪದಗಳನ್ನು, ಅಂದರೆ ಆಯ್ಕೆಗಳಿಗೆ ಕೊಟ್ಟ ಸ್ಥಿರ ಹೆಸರುಗಳನ್ನು, ಮೊಟಕಾಗಿ ಬರೆದರೆ ಇನ್ನು ಮುಂದೆ ನಡೆಯುವುದಿಲ್ಲ, ಅವು ಸೇರಿದ ಗುಂಪಿನ ಹೆಸರು ಸಮೇತ ಬರೆಯಬೇಕು. ಹಾಗೆ ಪೂರ್ತಿ ಬರೆದದ್ದು ಕ್ಯೂಟಿ 5ರ ಮೇಲೆ ನಿಂತ 3.40 ಆವೃತ್ತಿಯಲ್ಲಿಯೂ ಓಡುತ್ತದೆ. ಆದ್ದರಿಂದ ಅವರಿಗೆ ಕೊಟ್ಟ ಮೊದಲ ಕೆಲಸ ಆ ಸಾಲುಗಳನ್ನು ಹುಡುಕಿ ತಿದ್ದುವುದು, ಎರಡನೆಯದು ಮುಳಬಾಗಿಲಿನ ಕೆರೆಗಳ ವಿಸ್ತೀರ್ಣವನ್ನು ಈಗಿನ ಆವೃತ್ತಿಯಲ್ಲಿ ತೆಗೆದು ಹೋಲಿಕೆಗೆಂದು ಎತ್ತಿಡುವುದು.