ಪಿಎಂಐ ಆನ್, ಪಿಎಂಐ ಆಫ್: ನನ್ನ ಅನುಭವ

ತಿಂಗಳ ಕೊನೆಯ ದಿನ, ರಾತ್ರಿ ಎಂಟೂವರೆ. ರಿಪೋರ್ಟ್ ತೆಗೆಯುವವರೆಲ್ಲ ಒಟ್ಟಿಗೆ ಲಾಗಿನ್ ಆಗಿದ್ದರು. ಪೇಜ್ ತೆರೆಯುತ್ತಿಲ್ಲ, ಮೂರು ನಿಮಿಷ ಸುತ್ತಿ ಎರರ್ ಬರುತ್ತಿದೆ ಎಂದು ದೂರು. ಡೇಟಾಬೇಸ್ ನೋಡಿಕೊಳ್ಳುವ ಮೇಡಂಗೆ ಫೋನ್ ಮಾಡಿದೆ. "ನಮ್ಮ ಕಡೆ ಏನೂ ಇಲ್ಲ ಸರ್, ಡೇಟಾಬೇಸ್ ಸುಮ್ನೆ ಕೂತಿದೆ" ಅಂದರು.

ನಾವು ಓಡಿಸುತ್ತಿದ್ದದ್ದು ವೆಬ್‌ಸ್ಫಿಯರ್ 8.5, ಅಂದರೆ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸುವ ಐಬಿಎಂನ ಸಾಫ್ಟ್‌ವೇರ್. ಒಂದು ಕ್ಲಸ್ಟರ್, ಅಂದರೆ ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವ ನಾಲ್ಕು ಸರ್ವರ್. ಅದರೊಳಗೇ ಅಳತೆ ತೆಗೆಯುವ ವ್ಯವಸ್ಥೆ ಇದೆ, ಪಿಎಂಐ (ಪರ್ಫಾರ್ಮೆನ್ಸ್ ಮಾನಿಟರಿಂಗ್ ಇನ್‌ಫ್ರಾಸ್ಟ್ರಕ್ಚರ್) ಅಂತ. ಎಷ್ಟು ಅಳೆಯಬೇಕು ಎಂಬುದಕ್ಕೆ ನನ್ (ಏನೂ ಅಳೆಯದ್ದು), ಬೇಸಿಕ್, ಎಕ್ಸ್‌ಟೆಂಡೆಡ್, ಆಲ್, ಕಸ್ಟಮ್ ಎಂದು ಐದು ಮಟ್ಟ. ಏನೂ ಮುಟ್ಟದಿದ್ದರೆ ಬೇಸಿಕ್‌ನಲ್ಲಿ ಇರುತ್ತದೆ.

ಆ ಮೂರು ನಿಮಿಷವೇ ನನಗೆ ಮೊದಲ ಸುಳಿವು. ಡೇಟಾಬೇಸ್‌ಗೆ ಹೋಗುವ ಕನೆಕ್ಷನ್‌ಗಳನ್ನು ಮೊದಲೇ ತೆರೆದು ಹಂಚಿಕೊಳ್ಳುವ ಗುಂಪೇ ಕನೆಕ್ಷನ್ ಪೂಲ್. ಅದರಲ್ಲಿ ಖಾಲಿ ಕನೆಕ್ಷನ್ ಸಿಗದಿದ್ದರೆ ವೆಬ್‌ಸ್ಫಿಯರ್ ತಾನಾಗಿ 180 ಸೆಕೆಂಡ್ ಕಾಯುತ್ತದೆ, ಆಮೇಲೆ ಕೈಚೆಲ್ಲುತ್ತದೆ. ಬೇಸಿಕ್ ಅಂಕಿಗಳನ್ನು ತೆರೆದೆ. ಖಾಲಿ ಕನೆಕ್ಷನ್ ಸೊನ್ನೆ. ಕಾಯುತ್ತಿರುವ ಥ್ರೆಡ್‌ಗಳು (ಒಂದೊಂದು ರಿಕ್ವೆಸ್ಟ್ ನಡೆಸುವ ಕೆಲಸಗಾರರು ಅನ್ನಿ) ಏರುತ್ತಲೇ ಇವೆ. ಪೂಲ್‌ನ ಗರಿಷ್ಠ ಗಾತ್ರ 10, ಅಂದರೆ ಮೊದಲಿಂದ ಬಂದದ್ದನ್ನು ಯಾರೂ ಬದಲಿಸಿರಲಿಲ್ಲ. ಪೇಜ್‌ಗಳ ರಿಕ್ವೆಸ್ಟ್ ತೆಗೆದುಕೊಳ್ಳುವ ವೆಬ್ ಕಂಟೇನರ್‌ನ ಥ್ರೆಡ್‌ಗಳೋ 50. ಐವತ್ತು ಜನ ಕ್ಯೂ ನಿಂತರೆ ಕೌಂಟರ್ ಹತ್ತೇ.

ಪೂಲ್ ಸುಮ್ಮನೆ ದೊಡ್ಡದು ಮಾಡಬಹುದಿತ್ತು. ಆದರೆ ಡೇಟಾಬೇಸ್ ಕೆಲಸವಿಲ್ಲದೆ ಕೂತಿರುವಾಗ ಹತ್ತು ಕನೆಕ್ಷನ್‌ಗಳನ್ನು ಹಿಡಿದುಕೊಂಡವರು ಯಾರು? ಅದು ಗೊತ್ತಾಗಬೇಕಿತ್ತು. ಒಂದೇ ಒಂದು ಸರ್ವರ್ ಆರಿಸಿಕೊಂಡೆ. ಅದರ ರನ್‌ಟೈಮ್ ಟ್ಯಾಬ್‌ಗೆ ಹೋಗಿ ಕಸ್ಟಮ್ ಆಯ್ದು, ನನಗೆ ಬೇಕಾದ ಕೌಂಟರ್‌ಗಳನ್ನು (ಅಳತೆಯ ಅಂಕಿಗಳನ್ನು) ಮಾತ್ರ ಆನ್ ಇಟ್ಟೆ. ಪೂಲ್‌ನ ಬಳಕೆ ಸಮಯ, ಕಾಯುವ ಸಮಯ. ಪ್ರತಿ ಸರ್ವ್ಲೆಟ್‌ನ (ಸರ್ವರ್‌ನಲ್ಲಿ ರಿಕ್ವೆಸ್ಟ್‌ಗೆ ಉತ್ತರ ಕೊಡುವ ಜಾವಾ ಕೋಡ್) ಸರ್ವಿಸ್ ಸಮಯ. ಆ ಕ್ಷಣ ಒಳಗಿರುವ ರಿಕ್ವೆಸ್ಟ್‌ಗಳ ಸಂಖ್ಯೆ. ಅಷ್ಟೇ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇವುಗಳಲ್ಲಿ ಬೇಸಿಕ್‌ನಲ್ಲೇ ಇದ್ದವುಗಳ ಸರಾಸರಿ ಬೆಳಗ್ಗಿಂದ ಸೇರುತ್ತಾ ಬಂದದ್ದು. ಹಗಲಿಡೀ ಆರಾಮಾಗಿದ್ದ ಸರ್ವರ್‌ನ ಸರಾಸರಿಯಲ್ಲಿ ಈಗಿನ ಹತ್ತು ನಿಮಿಷದ ಕಷ್ಟ ಕರಗಿ ಹೋಗುತ್ತದೆ. ಅದಕ್ಕೇ ಈ ಅಂಕಿಗಳನ್ನು ತೋರಿಸುವ ಪರ್ಫಾರ್ಮೆನ್ಸ್ ವ್ಯೂವರ್‌ನಲ್ಲಿ 'ಸೊನ್ನೆಗೆ ತನ್ನಿ' ಎಂಬ ಬಟನ್ ಇದೆ. ಅದನ್ನು ಒತ್ತಿ ಹತ್ತು ನಿಮಿಷ ಕಾದೆ. ಉತ್ತರ ಬಂತು. ಒಂದು ರಿಪೋರ್ಟ್ ಸರ್ವ್ಲೆಟ್ ಮಾತ್ರ ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತಿತ್ತು. ಕೋಡ್ ತೆರೆದರೆ, ಡೇಟಾ ಓದಿ ಮುಗಿದ ಮೇಲೂ ಕನೆಕ್ಷನ್ ಕೈಯಲ್ಲೇ ಹಿಡಿದುಕೊಂಡು ಪಿಡಿಎಫ್ ತಯಾರಿಸುತ್ತಿತ್ತು. ಡೇಟಾಬೇಸ್ ಸುಮ್ನೆ ಕೂತಿದ್ದು ಅದಕ್ಕೇ. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ.

ಆನ್ ಮಾಡುವುದು ಕಷ್ಟವಲ್ಲ. ಆಫ್ ಮಾಡುವುದರಲ್ಲೇ, ಅಂದರೆ ಬೇಸಿಕ್‌ಗೆ ಮರಳಿಸುವುದರಲ್ಲೇ ನಾನು ಎಡವಿದ್ದು. ಇದು ಅದಕ್ಕಿಂತ ಮೊದಲಿನ ಮಾತು, ಬೇರೊಂದು ಕಡೆ. ಸಣ್ಣದೊಂದು ತೊಂದರೆ ಹುಡುಕಲು 'ಆಲ್' ಹಾಕಿದ್ದೆ. ರಾತ್ರಿ ಸರ್ವರ್ ರೀಸ್ಟಾರ್ಟ್ ಆಯಿತು, ನನ್ನ ಬದಲಾವಣೆ ಹೋಯಿತು. ರನ್‌ಟೈಮ್ ಟ್ಯಾಬ್‌ನಲ್ಲಿ ಮಾಡಿದ್ದು ರೀಸ್ಟಾರ್ಟ್‌ವರೆಗೆ ಮಾತ್ರ ಇರುತ್ತದೆ. ಅದಕ್ಕೆ ಮರುದಿನ ಬದಲಾವಣೆಯನ್ನು ಉಳಿಸುವ ಟಿಕ್ ಹಾಕಿ ಮತ್ತೆ 'ಆಲ್' ಮಾಡಿದೆ. ತೊಂದರೆ ಸಿಕ್ಕಿತು, ಟಿಕೆಟ್ ಮುಚ್ಚಿದೆ, 'ಆಲ್' ಹಾಗೇ ಉಳಿಯಿತು.

ಮೂರು ವಾರದ ಮೇಲೆ ಹೊಸ ರಿಲೀಸ್ ಹೋಯಿತು. ಸಿಪಿಯು ಜಾಸ್ತಿ ಹೋಗುತ್ತಿದೆ ಎಂದು ಎಲ್ಲರೂ ಡೆವಲಪರ್‌ಗಳ ಮೇಲೆ ಬಿದ್ದರು. ಅವರು ಎರಡು ದಿನ ತಮ್ಮ ಕೋಡ್ ಕೆದಕಿದರು. ಕೊನೆಗೆ ನಾನೇ ಪಿಎಂಐ ಪೇಜ್ ತೆರೆದು ನೋಡಿದೆ. ಬೇಸಿಕ್‌ಗೆ ತಂದ ಮೇಲೆ ಸಿಪಿಯು ಇಳಿಯಿತು. ಅವರ ಟೇಬಲ್ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಒಬ್ಬರ ಎರಡು ದಿನದ ದುಡಿಮೆ ನನ್ನ ಒಂದು ಟಿಕ್‌ನಿಂದ ಹಾಳಾಯಿತಲ್ಲ ಎಂಬ ಬೇಸರ ಈಗಲೂ ಇದೆ.

ಮನೆಯಲ್ಲಿ ಮೋಟರ್ ಹಾಕಿದರೆ ಗಡಿಯಾರ ನೋಡಿಕೊಳ್ಳುತ್ತೇವೆ, ಅಲ್ವಾ? ಇಲ್ಲೂ ಅದನ್ನೇ ಮಾಡಿದೆ. ಕನ್ಸೋಲ್ ಬಿಟ್ಟು, ವೆಬ್‌ಸ್ಫಿಯರ್‌ನ ಕಮಾಂಡ್ ಸಾಧನವಾದ ಡಬ್ಲ್ಯೂಎಸ್‌ಅಡ್ಮಿನ್‌ಗೆ ಸ್ಕ್ರಿಪ್ಟ್ ಬರೆದೆ. ಪ್ರತಿ ಸರ್ವರ್‌ಗೂ ಪರ್ಫ್ ಎಂಬ ಎಂಬೀನ್ (ಹೊರಗಿನಿಂದ ಸರ್ವರ್ ನಿಯಂತ್ರಿಸಲು ಇರುವ ಹಿಡಿಕೆ) ಇರುತ್ತದೆ. ಅದನ್ನು ಹುಡುಕಿ ಮಟ್ಟ ಬದಲಿಸಿದರೆ ಆಯಿತು, ರೀಸ್ಟಾರ್ಟ್ ಬೇಡ. ಪಿಎಂಐ ಅನ್ನೇ ಪೂರ್ತಿ ಮುಚ್ಚಿಟ್ಟಿದ್ದರೆ ಮಾತ್ರ, ಕಾನ್ಫಿಗರೇಶನ್‌ನಲ್ಲಿ ತೆರೆದು ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕು. ಬದಲಾವಣೆ ಉಳಿಸುವ ಸಾಲನ್ನು ಸ್ಕ್ರಿಪ್ಟ್‌ನಲ್ಲಿ ಬೇಕೆಂದೇ ಬರೆದಿಲ್ಲ. ಸರ್ವರ್ ಬಿದ್ದು ಎದ್ದರೆ ತಾನಾಗಿ ಬೇಸಿಕ್‌ಗೇ ಬರಲಿ ಅಂತ. ಆನ್ ಮಾಡುವ ಹೊತ್ತಿಗೇ ಹೇಳಿದ ಹೊತ್ತಿಗೆ ಕೆಲಸ ನಡೆಸುವ ಲಿನಕ್ಸ್‌ನ 'ಅಟ್' ಕಮಾಂಡ್ ಬಳಸಿ ಎರಡು ಗಂಟೆ ಮುಂದಕ್ಕೆ ಆಫ್ ಮಾಡುವ ಕೆಲಸವನ್ನೂ ಸ್ಕ್ರಿಪ್ಟೇ ಹಾಕಿಡುತ್ತದೆ. ಇನ್ನೂ ಬೇಕಿದ್ದರೆ ಮತ್ತೆ ಓಡಿಸಬೇಕು.

ಕ್ಲಸ್ಟರ್‌ಗೆ ಒಂದೇ ಸ್ವಿಚ್ ಇಲ್ಲ ಎಂಬುದೂ ನೆನಪಿರಲಿ. ಪ್ರತಿ ಸರ್ವರ್‌ನದ್ದೂ ಬೇರೆ ಬೇರೆ. ವ್ಯೂವರ್‌ನಲ್ಲಿ ನೋಡುವುದನ್ನು ನಿಲ್ಲಿಸಿದರೆ ಪಿಎಂಐ ಮಟ್ಟ ಇಳಿಯುವುದಿಲ್ಲ, ಅದು ಬೇರೆ ಇದು ಬೇರೆ. ವ್ಯೂವರ್ ತೆರೆದಿಟ್ಟರೆ ಅದಕ್ಕೆ ಬೇಕಾದ ಮೆಮರಿ ನೋಡ್ ಏಜೆಂಟ್‌ನಿಂದ (ಆ ಮಶೀನಿನ ಸರ್ವರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಹೋಗುತ್ತದೆ. ನೋಡಿ ಮುಗಿದ ಮೇಲೆ ಅದನ್ನೂ ನಿಲ್ಲಿಸಿ.

ಹಾಗಂತ 'ನನ್' ಹಾಕಲು ನಾನು ಒಪ್ಪುವುದಿಲ್ಲ. ಲೋಡ್ ಉಳಿಸೋಣ ಅಂತ ಕೆಲವರು ಕೇಳುತ್ತಾರೆ. ಆದರೆ ಆ ರಾತ್ರಿ ಬೇಸಿಕ್ ಕೂಡ ಇಲ್ಲದಿದ್ದರೆ ಖಾಲಿ ಕನೆಕ್ಷನ್ ಸೊನ್ನೆ ಎಂಬುದೇ ನನಗೆ ಕಾಣುತ್ತಿರಲಿಲ್ಲ. ಈಗ ಬೆಳಗ್ಗೆ ಕೂತ ತಕ್ಷಣ ಅದೇ ಸ್ಕ್ರಿಪ್ಟ್‌ನಿಂದ ನಾಲ್ಕೂ ಸರ್ವರ್‌ಗಳ ಮಟ್ಟ ಕೇಳುತ್ತೇನೆ. ನಾಲ್ಕು ಸಲ 'ಬೇಸಿಕ್' ಎಂದು ಬಂದ ಮೇಲೆ ಕಾಫಿಗೆ ಏಳುತ್ತೇನೆ.